ಯೋಟುನ್, ಎಂಟ್, ಟ್ರೋಲ್: ದೈತ್ಯರ ಹೆಸರುಗಳ ಬೇರು ಹುಡುಕುತ್ತಾ

ಎಲ್ಲರಿಗೂ ನಮಸ್ಕಾರ.

ಫ್ಯಾಂಟಸಿ ಕಾದಂಬರಿಗಳಲ್ಲಿ, ಗೇಮುಗಳಲ್ಲಿ ಜೈಂಟ್, ಟ್ರೋಲ್, ಓಗರ್, ಎಟಿನ್, ಎಂಟ್ ಎಂಬ ಹೆಸರುಗಳು ಬರುತ್ತವೆ. ಕನ್ನಡಕ್ಕೆ ತರುವಾಗ ಎಲ್ಲವನ್ನೂ ‘ರಾಕ್ಷಸ’ ಎಂದೋ ‘ದೈತ್ಯ’ ಎಂದೋ ಬರೆದು ಮುಂದೆ ಹೋಗುತ್ತೇವೆ. ಆದರೆ ಒಂದೊಂದರ ಹುಟ್ಟೂ ಬೇರೆ. ಇನ್ನೊಂದು ವಿಷಯ ನನಗೆ ಮುಖ್ಯವೆನಿಸುತ್ತದೆ: ಇವುಗಳಲ್ಲಿ ಯಾವುದರ ಬೇರಿನಲ್ಲೂ ‘ಭಾರೀ ಗಾತ್ರ’ ಎಂಬ ಅರ್ಥ ಖಚಿತವಾಗಿ ಸಿಗುವುದಿಲ್ಲ. ಗಾತ್ರ ಆಮೇಲೆ ಸೇರಿಕೊಂಡದ್ದು. ನಮ್ಮ ‘ದೈತ್ಯ’ ಪದವನ್ನೇ ನೋಡಿ. ಅದರ ಅರ್ಥ ದಿತಿಯ ಮಗ, ಅಷ್ಟೇ. ಅದು ಕುಲದ ಹೆಸರು, ಅಳತೆಯ ಹೆಸರಲ್ಲ.

‘ಜೈಂಟ್’ ಪದ ಗ್ರೀಕಿನಿಂದ ಹೊರಟದ್ದು. ಅಲ್ಲಿ ಏಕವಚನ ಗಿಗಾಸ್, ಬಹುವಚನ ಗಿಗಾಂಟೆಸ್. ಆಕಾಶದೇವ ಊರಾನೋಸನ ರಕ್ತ ಭೂಮಿಗೆ ಬಿದ್ದು ಇವರು ಹುಟ್ಟಿದರು ಎಂದು ಪ್ರಾಚೀನ ಗ್ರೀಕ್ ಕವಿ ಹೆಸಿಯೋಡ್ ಹೇಳುತ್ತಾನೆ. ಹೊಳೆಯುವ ಕವಚ, ಕೈಯಲ್ಲಿ ಉದ್ದನೆಯ ಈಟಿ, ಇಷ್ಟೇ ಅವನ ವರ್ಣನೆ. ಬೈಬಲಿನ ಆದಿಕಾಂಡದ 6ನೇ ಅಧ್ಯಾಯದ ‘ನೆಫಿಲಿಮ್’ ಎಂಬ ಹೀಬ್ರೂ ಪದಕ್ಕೆ ಗ್ರೀಕ್ ಅನುವಾದಕರು ಗಿಗಾಂಟೆಸ್ ಎಂದು ಬಳಸಿದರು, ಲ್ಯಾಟಿನ್ ಬೈಬಲ್ ಅದನ್ನೇ ಉಳಿಸಿಕೊಂಡಿತು. ಮುಂದೆ ಹಳೆಯ ಫ್ರೆಂಚಿನ ದಾರಿಯಲ್ಲಿ ಪದ ಇಂಗ್ಲಿಷಿಗೆ ಬಂತು. ‘ಗಿಗಾಬೈಟ್’ನ ಗಿಗಾ ಕೂಡ ಇದೇ ಪದ, 1960ರಲ್ಲಿ ನೂರು ಕೋಟಿಯ ಗುರುತಾಗಿ ಅಂತರರಾಷ್ಟ್ರೀಯ ಮಾನ ಪದ್ಧತಿಗೆ ಸೇರಿತು. ‘ಗಿಗಾಸ್’ ಎಂದರೆ ‘ಭೂಮಿಯಿಂದ ಹುಟ್ಟಿದವನು’ ಎಂಬ ವಿವರಣೆ ಅಲ್ಲಲ್ಲಿ ಕಾಣುತ್ತದೆ. ಅದು ಕಥೆಯನ್ನು ನೋಡಿ ಪದವನ್ನು ಬಿಡಿಸಿದ್ದು. ಧ್ವನಿನಿಯಮದ ಆಧಾರ ಅದಕ್ಕಿಲ್ಲ.

ಈ ಪದ ಬರುವ ಮೊದಲು ಇಂಗ್ಲಿಷಿಗೆ ತನ್ನದೇ ಪದಗಳಿದ್ದವು. ಪ್ರಾಚೀನ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯ ಉಳಿದಿರುವುದು ಸುಮಾರು ಕ್ರಿ.ಶ. 1000ದ ಒಂದೇ ಒಂದು ಹಸ್ತಪ್ರತಿಯಲ್ಲಿ. ಅದರ 112ನೇ ಸಾಲು ಬೈಬಲಿನಲ್ಲಿ ತಮ್ಮನನ್ನು ಕೊಂದ ಕೇಯಿನನ ಸಂತಾನವನ್ನು ಎಣಿಸುತ್ತದೆ: ಎಯೊಟೆನಾಸ್, ಇಲ್ಫೆ, ಓರ್ಕ್‌ನೆಯಾಸ್. ಎಟಿನ್, ಎಲ್ಫ್, ಓರ್ಕ್ ಮೂರೂ ಒಂದೇ ಸಾಲಿನಲ್ಲಿವೆ! ಮರುಸಾಲಿನಲ್ಲೇ ಲ್ಯಾಟಿನಿನಿಂದ ಬಂದ ‘ಗಿಗಾಂಟಾಸ್’ ಕೂಡ ಇದೆ. ಇಪ್ಪತ್ತನೇ ಶತಮಾನದ ಫ್ಯಾಂಟಸಿಯ ಅರ್ಧ ಜನಸಂಖ್ಯೆ ಈ ಎರಡು ಸಾಲುಗಳಿಂದ ಎದ್ದು ಬಂದಿದೆ ಎಂದರೆ ತಪ್ಪಾಗದು. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ 1925ರಿಂದ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದರು. ಈ ಸಾಲುಗಳನ್ನು ಪಾಠ ಹೇಳುವುದೇ ಅವರ ಕೆಲಸವಾಗಿತ್ತು.

ಈಗ ‘ಎಯೊಟೆನ್’ ಪದವನ್ನು ಬಿಡಿಸೋಣ. ಪದದ ಬೇರು ಹುಡುಕುವವರು ಮೊದಲು ಸೋದರ ಭಾಷೆಗಳಲ್ಲಿ ಅದರ ಜೋಡಿಯನ್ನು ಹುಡುಕುತ್ತಾರೆ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಲ್ಲಿ ಸಿಗುವ ಜೋಡಿ ‘ಯೋಟುನ್’. ಆದರೆ ನೋಟಕ್ಕೆ ಒಂದೇ ತರಹ ಇದ್ದರೆ ಸಾಲದು, ಅದೇ ಧ್ವನಿವ್ಯತ್ಯಾಸ ಬೇರೆ ಪದಗಳಲ್ಲೂ ಮರುಕಳಿಸಬೇಕು. ಮರುಕಳಿಸುತ್ತದೆ: ಭೂಮಿಗೆ ಪ್ರಾಚೀನ ಇಂಗ್ಲಿಷಿನಲ್ಲಿ ‘ಎಯೊರ್ಥೆ’, ನಾರ್ಸಿನಲ್ಲಿ ‘ಯೋರ್ಥ್’. ಹಾಗಾಗಿ ಎರಡಕ್ಕೂ ಮೂಲವಾಗಿ ‘ಎಟುನಜ್’ ಎಂಬ ರೂಪವನ್ನು ಊಹಿಸಲಾಗಿದೆ. ಅದರ ಹಿಂದೆ ಇರುವುದು ಬಹುಶಃ ‘ತಿನ್ನು’ ಎಂಬ ಧಾತು, ಇಂಗ್ಲಿಷಿನ ‘ಈಟ್’. ಇಂಗ್ಲಿಷ್, ನಾರ್ಸ್ ಸೇರಿದ ಜರ್ಮಾನಿಕ್ ಭಾಷೆಗಳಿಗೆ ಸಂಸ್ಕೃತ ದೂರದ ಸೋದರಿ; ಅವುಗಳ ಟಕಾರಕ್ಕೆ ಸಂಸ್ಕೃತದಲ್ಲಿ ದಕಾರ ಎದುರಾಗುತ್ತದೆ. ‘ಟೆನ್’ಗೆ ದಶ, ‘ಟೂ’ಗೆ ದ್ವಿ. ಅದೇ ಲೆಕ್ಕದಲ್ಲಿ ‘ಈಟ್’ಗೆ ಸಂಸ್ಕೃತದ ‘ಅದ್’ ಧಾತು. ಅದ್ ಧಾತುವಿಗೆ ‘ನ’ ಸೇರಿದರೆ ಅನ್ನ. ನಮ್ಮ ತಟ್ಟೆಯ ಅನ್ನವೂ ಉತ್ತರದ ಹಿಮನಾಡಿನ ಯೋಟುನ್ನೂ ಒಂದೇ ಧಾತುವಿನ ಮಕ್ಕಳಾಗಿರಬಹುದು. ತೈತ್ತಿರೀಯ ಉಪನಿಷತ್ತು ಅನ್ನವನ್ನು ‘ಅದ್ಯತೇಽತ್ತಿ ಚ ಭೂತಾನಿ’ ಎನ್ನುತ್ತದೆ: ಜೀವಿಗಳು ಅದನ್ನು ತಿನ್ನುತ್ತವೆ, ಅದು ಜೀವಿಗಳನ್ನು ತಿನ್ನುತ್ತದೆ. ಯೋಟುನ್ ಹೆಸರಿನಲ್ಲಿರುವುದು ಈ ಎರಡನೆಯ ಅರ್ಥ, ತಿನ್ನುವವನು.

ಇಲ್ಲಿ ಎಡವುವವರು ಬಹಳ. ಬೇರಿನ ಅರ್ಥ ಸಿಕ್ಕಿತೆಂದು ಎಲ್ಲ ಯೋಟುನ್‌ಗಳನ್ನೂ ನರಭಕ್ಷಕರೆಂದುಕೊಳ್ಳುವ ಹಾಗಿಲ್ಲ. ನಾರ್ಸ್ ಪುರಾಣಕಥೆಗಳ ಎಡ್ಡಾ ಕಾವ್ಯಗಳಲ್ಲಿ ವಾಫ್‌ಥ್ರೂಡ್ನಿರ್ ಎಂಬ ಯೋಟುನ್ ಮಹಾಜ್ಞಾನಿ. ಓಡಿನ್ ದೇವನೇ ಅವನ ಮನೆಗೆ ಹೋಗಿ ಜ್ಞಾನದ ಪಂದ್ಯ ಕಟ್ಟುತ್ತಾನೆ. ಗೆರ್ಡ್ ಎಂಬ ಯೋಟುನ್ ಕನ್ಯೆಯ ಚೆಲುವಿಗೆ ಫ್ರೇಯ್ ದೇವ ಹುಚ್ಚಾಗುತ್ತಾನೆ. ಓಡಿನ್ನನ ತಾಯಿ ಬೆಸ್ಟ್ಲಾ ಕೂಡ ಯೋಟುನ್ನರ ಮಗಳು. ಇದು ನಮಗೆ ಹೊಸತಲ್ಲ. ಕಶ್ಯಪನಿಗೆ ದಿತಿಯಲ್ಲಿ ದೈತ್ಯರು, ಅದಿತಿಯಲ್ಲಿ ಆದಿತ್ಯರು ಹುಟ್ಟಿ ದಾಯಾದಿಗಳಾಗಿ ಹೊಡೆದಾಡಿದ ಕಥೆ ಕೇಳಿ ಬೆಳೆದವರು ನಾವು. ಯೋಟುನ್ ಎಂದರೆ ದೇವತೆಗಳ ಎದುರು ಕುಲ ಎಂದು ನಮಗೆ ಥಟ್ಟನೆ ಹೊಳೆಯುತ್ತದೆ; ಬರೀ ‘ಜೈಂಟ್’ ಎಂದು ಓದುವ ಇಂಗ್ಲಿಷ್ ಓದುಗರಿಗೆ ಅದು ಅಷ್ಟು ಸುಲಭವಲ್ಲ.

‘ಎಂಟ್’ ಕೂಡ ಪ್ರಾಚೀನ ಇಂಗ್ಲಿಷಿನಲ್ಲಿ ದೈತ್ಯನೇ, ಆದರೆ ಅದರ ಬೇರು ಸ್ಪಷ್ಟವಿಲ್ಲ. ಅದು ಬರುವ ಸಂದರ್ಭ ಮಾತ್ರ ಬಹಳ ಸೊಗಸಾದದ್ದು. ಪ್ರಾಚೀನ ಇಂಗ್ಲಿಷ್ ಆಡುತ್ತಿದ್ದ ಆಂಗ್ಲೋ-ಸ್ಯಾಕ್ಸನ್ನರು ಹೆಚ್ಚಾಗಿ ಮರದಲ್ಲಿ ಮನೆ ಕಟ್ಟುವ ಜನ. ರೋಮನ್ನರು ಬಿಟ್ಟುಹೋದ ಕಲ್ಲುಕಟ್ಟಡಗಳು ಪಾಳುಬಿದ್ದಿರುವುದನ್ನು ಕಂಡು ಅವರ ಕವಿಗಳು ‘ಎಂಟಾ ಯೆವೆಯೊರ್ಕ್’, ಎಂಟ್‌ಗಳ ಕೈಕೆಲಸ, ಎಂದರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲಿನ ಶಿಲಾಯುಗೋತ್ತರ ಕಲ್ಲುಗೋರಿಗಳನ್ನು ಜನ ‘ಮೋರೇರ ಮನೆ’ ಎಂದು ಕರೆಯುವುದೂ ಇದೇ ಬಗೆಯ ಊಹೆ: ನಮ್ಮವರಲ್ಲದ, ಹಿಂದೆಂದೋ ಇದ್ದ ಜನ ಕಟ್ಟಿದ್ದು. ‘ಓರ್ಥಾಂಕ್ ಎಂಟಾ ಯೆವೆಯೊರ್ಕ್’, ಎಂಟ್‌ಗಳ ಜಾಣ ಕೆಲಸ, ಎಂಬ ಮಾತೂ ಒಂದು ಹಳೆಯ ಪದ್ಯದಲ್ಲಿದೆ. ಟೋಲ್ಕಿನ್ ಆ ಮೂರು ಪದಗಳ ತುಂಡನ್ನು ಒಡೆದು ಒಂದರಿಂದ ಗೋಪುರದ ಹೆಸರು ಮಾಡಿದರು, ಇನ್ನೊಂದನ್ನು ನಡೆದಾಡುವ ಮರಗಳಂಥ ಕಾಡುಗಾವಲಿನವರಿಗೆ ಕೊಟ್ಟರು. ಆ ಎಂಟ್‌ಗಳು ಕೊನೆಗೆ ಮುತ್ತಿಗೆ ಹಾಕುವುದೂ ಅದೇ ಓರ್ಥಾಂಕ್ ಗೋಪುರಕ್ಕೇ.

ಟ್ರೋಲ್ ಪದದ ಬೇರೂ ಸ್ಪಷ್ಟವಿಲ್ಲ. ಆದರೆ ಅದರ ಬಳಗ ಬಹಳ ಹೇಳುತ್ತದೆ. ಸ್ವೀಡಿಷಿನಲ್ಲಿ ‘ಟ್ರೊಲ್ಲಾ’ ಎಂದರೆ ಮಾಟ ಮಾಡುವುದು, ಡ್ಯಾನಿಷಿನಲ್ಲಿ ‘ಟ್ರೂಲೆ’ ಎಂದರೂ ಅದೇ. ಮೊಜಾರ್ಟನ ಮಾಯಾಕೊಳಲಿನ ಆಪೆರಾಕ್ಕೆ ಸ್ವೀಡಿಷ್ ಹೆಸರು ‘ಟ್ರೊಲ್‌ಫ್ಲೋಯ್ಟೆನ್’. ಮಧ್ಯಯುಗದ ಐಸ್‌ಲ್ಯಾಂಡಿನ ಗ್ರಂಥಗಳಲ್ಲಿ ಮಾಟಗಾತಿ, ಪ್ರೇತ, ಯೋಟುನ್ ಯಾರನ್ನು ಬೇಕಾದರೂ ಟ್ರೋಲ್ ಎನ್ನಬಹುದಿತ್ತು. ದೊಡ್ಡ ಮೂಗು, ಗುಡ್ಡದಂಥ ಮೈ ಬಂದದ್ದು ನಾರ್ವೆಯ ಜನಪದ ಕಥೆಗಳಿಂದ. ಆಸ್ಬ್ಯೋರ್ನ್‌ಸೆನ್ ಮತ್ತು ಮೋ 1840ರ ದಶಕದಲ್ಲಿ ಅವನ್ನು ಸಂಗ್ರಹಿಸಿದರು, ಚಿತ್ರಕಾರ ಕಿಟ್ಟೆಲ್‌ಸೆನ್ ರೂಪ ಕೊಟ್ಟರು. 1859ರ ಡೇಸೆಂಟ್ ಅನುವಾದ ಈ ಕಥೆಗಳನ್ನು ಇಂಗ್ಲಿಷ್ ಮನೆಗಳಿಗೆ ಮುಟ್ಟಿಸಿತು.

ಬಿಸಿಲು ತಾಗಿ ಕಲ್ಲಾಗುವ ನಂಬಿಕೆ ಇನ್ನೂ ಹಳೆಯದು. ಎಡ್ಡಾದ ಒಂದು ಕಾವ್ಯದಲ್ಲಿ ಹ್ರಿಮ್‌ಗೆರ್ಡ್ ಎಂಬ ದೈತ್ಯೆಯನ್ನು ಹಡಗಿನವರು ಬೆಳಗಾಗುವವರೆಗೂ ಮಾತಿಗೆಳೆದು ನಿಲ್ಲಿಸುತ್ತಾರೆ. ಅವಳು ಕಲ್ಲಾಗಿ ಬಂದರಿನ ಗುರುತಾಗಿ ಉಳಿಯುತ್ತಾಳೆ. ಟೋಲ್ಕಿನ್ನರ 1937ರ ‘ಹಾಬಿಟ್’ ಕಾದಂಬರಿಯಲ್ಲಿ ಮಾಂತ್ರಿಕ ಗಂಡಾಲ್ಫ್ ಮೂರು ಟ್ರೋಲ್‌ಗಳಿಗೆ ಜಗಳ ಹಚ್ಚಿ ಬೆಳಗು ಮಾಡಿಸುವುದು ಇದೇ ಉಪಾಯ. ಗಾಯ ತಾನೇ ಕೂಡಿಕೊಳ್ಳುವ, ಬೆಂಕಿಗೆ ಮಾತ್ರ ಸೋಲುವ ಹಸಿರು ಟ್ರೋಲ್ ಬೇರೆ ಜಾತಿ. ಅದು ಪೋಲ್ ಆಂಡರ್ಸನ್ನರ ಕಾದಂಬರಿಯಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಬಂದು, ಅಲ್ಲಿಂದ ಕಂಪ್ಯೂಟರ್ ಗೇಮುಗಳಿಗೆ ಹರಡಿತು.

ಫೇಸ್‌ಬುಕ್ಕಿನಲ್ಲಿ ಯಾರನ್ನಾದರೂ ‘ಟ್ರೋಲ್ ಮಾಡಿದರು’ ಎನ್ನುತ್ತೇವಲ್ಲ, ಆ ಕ್ರಿಯಾಪದದ ಮೂಲ ಬೇರೆ. ದೋಣಿಯ ಹಿಂದೆ ಗಾಳ ಎಳೆಯುತ್ತ ಮೀನು ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಟ್ರೋಲ್’ ಎನ್ನುತ್ತಾರೆ. ಅದರ ಹಿಂದಿರುವುದು ಹಳೆಯ ಫ್ರೆಂಚ್. ಕೆಣಕುವ ಮಾತನ್ನು ಎರೆಯಾಗಿ ಬಿಡುವುದು ಎಂಬ ಅರ್ಥ ಅಲ್ಲಿಂದ. ಗುಹೆಯ ಟ್ರೋಲ್ ಆಮೇಲೆ ಬಂದು ಅದರ ಮೇಲೆ ಕೂತಿತು.

ಓಗರ್ ವಿಷಯ ಚಿಕ್ಕದು: 1697ರಲ್ಲಿ ಪೆರೋ ಪ್ರಕಟಿಸಿದ ಫ್ರೆಂಚ್ ಕಥೆಗಳಿಂದ ಪ್ರಸಿದ್ಧವಾಯಿತು, ಹಿಂದೆ ಲ್ಯಾಟಿನಿನ ಪಾತಾಳದೇವ ಓರ್ಕುಸ್ ಇರಬಹುದು.

ಅನುವಾದಕರಿಗೆ ನನ್ನ ಸಲಹೆ ಹೀಗೆ. ಯೋಟುನ್ನಿಗೆ ‘ದೈತ್ಯ’ ಸರಿಹೊಂದುತ್ತದೆ, ಎರಡೂ ದೇವತೆಗಳ ದಾಯಾದಿ ಕುಲ. ಓಗರ್‌ಗೆ ‘ನರಭಕ್ಷಕ ರಕ್ಕಸ’ ನಡೆಯುತ್ತದೆ. ಟ್ರೋಲ್ ಅನ್ನು ಟ್ರೋಲ್ ಎಂದೇ ಬಿಡಿ; ಅಂತರ್ಜಾಲದ ಅರ್ಥ ಅಡ್ಡ ಬರುವ ಕಡೆ ‘ಬೆಟ್ಟದ ಟ್ರೋಲ್’ ಎಂದು ಬರೆಯಿರಿ. ಎಂಟ್ ಪದವನ್ನು ಹಾಗೇ ಉಳಿಸಿಕೊಳ್ಳಬೇಕೆಂದು ಟೋಲ್ಕಿನ್ ಅನುವಾದಕರಿಗಾಗಿ ಬರೆದ ಟಿಪ್ಪಣಿಯಲ್ಲೇ ಹೇಳಿದ್ದಾರೆ. ಆದರೆ ಕನ್ನಡದಲ್ಲಿ ‘ಎಂಟರು’, ‘ಎಂಟರ’ ಎಂದಾಗ ಅದು ಸಂಖ್ಯೆಯಂತೆ ಓದಿಸಿಕೊಳ್ಳುತ್ತದೆ. ಆದ್ದರಿಂದ ವಿಭಕ್ತಿ ಸೇರಿಸುವಾಗ ‘ಎಂಟ್‌ಗಳು’, ‘ಎಂಟ್‌ಗಳ’ ಎಂದು ಅರ್ಧಾಕ್ಷರವನ್ನು ಬಿಡಿಸಿ ಬರೆಯುವುದು ಲೇಸು.