ಸಾವಿರದ ಟಿಕೆಟ್, ನಾಲ್ಕೂವರೆ ಸಾವಿರದ ಪ್ಯಾಕೇಜ್: ನಂದಿ ಬೆಟ್ಟದ ವೈನ್ ಟೂರ್ ಲೆಕ್ಕ

[ದೃಶ್ಯ: ಫೋನ್ ಪರದೆ, ಎರಡು ಸ್ಕ್ರೀನ್‌ಶಾಟ್]

ನಮಸ್ಕಾರ. ಹೋದ ವಾರ ನನ್ನ ತಂಗಿ ವಾಟ್ಸಾಪ್‌ನಲ್ಲಿ ಎರಡು ಸ್ಕ್ರೀನ್‌ಶಾಟ್ ಕಳಿಸಿದಳು. ಒಂದರಲ್ಲಿ ವೈನ್ ತೋಟದ ಟಿಕೆಟ್, ತಲೆಗೆ ಸಾವಿರದ ಆಸುಪಾಸು. ಇನ್ನೊಂದರಲ್ಲಿ ಅದೇ ತೋಟಕ್ಕೆ ಬೆಂಗಳೂರಿನಿಂದ ಕರೆದುಕೊಂಡು ಹೋಗುವ ಪ್ಯಾಕೇಜ್, ತಲೆಗೆ ನಾಲ್ಕೂವರೆ ಸಾವಿರ. ಕೆಳಗೆ ಒಂದೇ ಸಾಲು: "ಅಕ್ಕಾ, ಇದು ಮೋಸ ಅಲ್ವಾ?"

ಮೋಸ ಅಲ್ಲ. ಆದರೆ ದುಡ್ಡು ಹೋಗೋದು ನಾವು ಅಂದುಕೊಂಡ ಕಡೆ ಅಲ್ಲ.

ಜಾಗದ ಪರಿಚಯ ಬೇಗ ಮುಗಿಸುತ್ತೇನೆ. ದೊಡ್ಡಬಳ್ಳಾಪುರದ ಹತ್ತಿರ, ನಂದಿ ಬೆಟ್ಟದ ಬುಡದಲ್ಲಿ, ಗ್ರೋವರ್ ಕುಟುಂಬ ವೈನ್ ಕಂಪನಿ ಶುರು ಮಾಡಿದ್ದು 1988ರಲ್ಲಿ. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದರ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ಟೂರ್ ಅಂದರೆ ತೋಟ ನೋಡೋದು, ಟ್ಯಾಂಕ್ ನೋಡೋದು, ಮರದ ಪೀಪಾಯಿ ನೋಡೋದು, ಕೊನೆಗೆ ನಾಲ್ಕೈದು ವೈನ್ ರುಚಿ ನೋಡೋದು. ದಾರಿಯಲ್ಲಿ ಚಪ್ಪರದ ಮೇಲೆ ಹಬ್ಬಿದ ದ್ರಾಕ್ಷಿ ಕಂಡರೆ ಫೋಟೋ ಹಾಕಿ "ವೈನ್‌ಯಾರ್ಡ್" ಅಂತ ಬರೆಯಬೇಡಿ. ಅದು ಬಹುತೇಕ ನಮ್ಮ ಬೆಂಗಳೂರು ಬ್ಲೂ, ತಿನ್ನುವ ದ್ರಾಕ್ಷಿ ತಳಿ. ವೈನ್ ತೋಟದಲ್ಲಿ ಬಳ್ಳಿ ಬೇಲಿಯ ಹಾಗೆ ತಂತಿ ಮೇಲೆ ಸಾಲಾಗಿ ನಿಂತಿರುತ್ತದೆ.

[ದೃಶ್ಯ: ಅಡುಗೆಮನೆ ಕಟ್ಟೆ, 750 ಮಿ.ಲೀ. ಬಾಟಲಿ, ಅಳತೆ ಲೋಟ]

ಈಗ ಲೆಕ್ಕ. ಒಂದು ಬಾಟಲಿ 750 ಮಿ.ಲೀ. ರುಚಿಗೆ ಒಂದು ಸಲಕ್ಕೆ 30 ಮಿ.ಲೀ. ಸುರಿದರು ಅಂದುಕೊಳ್ಳಿ. ಐದು ಬಗೆಗೆ 150. ಅಂದರೆ ಬಾಟಲಿಯ ಐದನೇ ಒಂದು ಭಾಗ! ಬಾಟಲಿಗೆ 900 ರೂಪಾಯಿ ಆದರೆ ನೀವು ಕುಡಿದದ್ದು 180 ರೂಪಾಯಿಯ ವೈನ್. ಉಳಿದ ದುಡ್ಡು ಜಾಗ ತೋರಿಸಿ ವಿವರಿಸುವವರಿಗೆ, ನಿಮ್ಮ ನೂರಾ ಒಂದು ಪ್ರಶ್ನೆಗಳಿಗೆ. ಆ 180ಕ್ಕೇ ಬೇಜಾರು ಮಾಡಿಕೊಳ್ಳುವವರು ಮನೆ ಹತ್ತಿರದ ಅಂಗಡಿಯಲ್ಲಿ ಒಂದು ಬಾಟಲಿ ತಗೊಳ್ಳೋದು ವಾಸಿ.

ಮತ್ತೆ ಆ ನಾಲ್ಕೂವರೆ ಸಾವಿರ? ಅದು ಕಾರು. ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದು ಗಾಡಿ ಓಡಿಸಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹಾಗಾಗಿ ಕುಡಿಯದ ಡ್ರೈವರ್ ಇಡೀ ದಿನ ಬೇಕು. ವೈನ್ ಉಗುಳಿಬಿಡಿ ಅಂತ ಮುಂದೆ ಒಂದು ಪಾತ್ರೆಯನ್ನೂ ಇಟ್ಟಿರುತ್ತಾರೆ. ಎಲೆ ಅಡಿಕೆ ಹಾಕುವ ಅಜ್ಜಿಯ ಪಕ್ಕದ ಪೀಕದಾನಿ ನೋಡಿ ಬೆಳೆದವರು ನಾವು. ಆದರೂ ದುಡ್ಡು ಕೊಟ್ಟದ್ದನ್ನು ಉಗುಳಲು ನಮ್ಮ ಜನಕ್ಕೆ ಮನಸ್ಸು ಬರೋದಿಲ್ಲ. ಡ್ರೈವರ್‌ನ್ನೇ ನಂಬಿ.

[ದೃಶ್ಯ: ಬಿಳಿ ಹಲಗೆ, ಕೈಬರಹ]

ಅಂದಾಜಿಗೆ ಹೀಗೆ ಇಟ್ಟುಕೊಳ್ಳೋಣ. ಟಿಕೆಟ್ 1,000. ಊಟ 800. ಇಡೀ ದಿನದ ಕಾರು 3,500. ಒಬ್ಬರೇ ಹೋದರೆ 5,300. ಇಬ್ಬರಾದರೆ ತಲೆಗೆ 3,550. ನಾಲ್ವರಾದರೆ 2,675. ಟಿಕೆಟ್ ಬದಲಾಗಲಿಲ್ಲ, ಊಟ ಬದಲಾಗಲಿಲ್ಲ, ಖಾಲಿ ಸೀಟಿನ ಬಾಡಿಗೆ ಮಾತ್ರ ಇಳಿಯಿತು. ಒಬ್ಬರೇ ಹೋಗುವವರಿಗೆ ಆ ಪ್ಯಾಕೇಜೇ ಅಗ್ಗ. ನಾಲ್ಕು ಜನ ಇದ್ದರೆ ಸುಮ್ನೆ ದುಡ್ಡು ಹಾಳು. ನಿಮ್ಮ ಊರಿನ ಇವತ್ತಿನ ರೇಟು ಹಾಕಿ ನೋಡಿ, ಲೆಕ್ಕದ ದಾರಿ ಬದಲಾಗೋದಿಲ್ಲ.

ಇಲ್ಲಿಗೆ ವಿಡಿಯೋ ಮುಗಿಸಬಹುದಿತ್ತು. ಆದರೆ ನನಗೆ ಇಷ್ಟವಾದ ವಿಷಯ ಇನ್ನೂ ಬಂದಿಲ್ಲ. ಯಾವ ತಿಂಗಳು ಹೋಗುತ್ತೀರಿ?

[ದೃಶ್ಯ: ಬೋಳು ಬಳ್ಳಿ, ಆಮೇಲೆ ಗೊಂಚಲು ತುಂಬಿದ ಬಳ್ಳಿ]

ಫ್ರಾನ್ಸ್‌ನಲ್ಲಿ ಚಳಿ ಬಂತೆಂದರೆ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ವಸಂತದಲ್ಲಿ ಏಳುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ತನಕ ಕೊಯ್ಲು. ನಮ್ಮಲ್ಲಿ ಅಂಥ ಚಳಿ ಎಲ್ಲಿದೆ? ಬಳ್ಳಿಗೆ ನಿದ್ದೆಯೇ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನನ್ನು ಬೆಳಗ್ಗೆ ಮೀಟಿಂಗ್‌ಗೆ ಕೂರಿಸಿದ ಹಾಗೆ, ವರ್ಷಪೂರ್ತಿ ಚಿಗುರುತ್ತಲೇ ಇರುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ಹಣ್ಣು ಮಳೆಗಾಲಕ್ಕೆ ಸಿಕ್ಕಿ ಕೊಳೆಯಬಹುದು. ಅದಕ್ಕೆ ನಮ್ಮ ರೈತರು ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ವಿಜಯಪುರ ಕಡೆ ಇದಕ್ಕೆ "ಚಾಟ್ನಿ" ಅನ್ನುತ್ತಾರೆ. ಇಡ್ಲಿ ಜೊತೆಗಿನದ್ದಲ್ಲ! ಏಪ್ರಿಲ್ ಚಾಟ್ನಿ ಹಣ್ಣಿಗಲ್ಲ, ಕಡ್ಡಿಗೆ. ಆಗ ಬೆಳೆಯುವ ಕಡ್ಡಿಯ ಕಣ್ಣುಗಳಲ್ಲೇ ಮುಂದಿನ ಗೊಂಚಲು ಅಡಗಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಎರಡನೇ ಚಾಟ್ನಿ. ಆಗ ಹೂವು, ಕಾಯಿ. ಹಣ್ಣಾಗೋದು ಒಣ ಹವೆಯಲ್ಲಿ, ತಂಪು ರಾತ್ರಿಗಳಲ್ಲಿ. ಕೊಯ್ಲು ಹೆಚ್ಚುಕಡಿಮೆ ಜನವರಿಯಿಂದ ಮಾರ್ಚ್.

ಅಂದರೆ ಕತ್ತರಿ ಹಿಡಿದವರು ಕ್ಯಾಲೆಂಡರನ್ನೇ ತಿರುಗಿಸಿಬಿಟ್ಟರು. ಫ್ರಾನ್ಸ್‌ನಲ್ಲಿ ಬಳ್ಳಿ ಮಲಗಿರುವಾಗ ನಂದಿಯಲ್ಲಿ ಕೊಯ್ಲು. ಫ್ರಾನ್ಸ್‌ನ ಬೋರ್ಡೋದ ವೈನ್ ತಜ್ಞ ಮಿಷೆಲ್ ರೋಲಾಂ ಗ್ರೋವರ್‌ಗೆ ಸಲಹೆಗಾರರಾಗಿ ಬಂದಿದ್ದರು. ಅಲ್ಲಿಯ ಚಳಿಗಾಲದಲ್ಲಿ ಬಿಡುವಾಗಿದ್ದರೇನೋ ಅಂತ ನನಗೆ ತಮಾಷೆ ಅನ್ನಿಸುತ್ತದೆ.

ಇದಕ್ಕೂ ಬಜೆಟ್‌ಗೂ ಏನು ಸಂಬಂಧ ಅಂತೀರಾ? ಜೂನ್‌ನಲ್ಲೂ ಫೆಬ್ರವರಿಯಲ್ಲೂ ಕಾರು ಬಾಡಿಗೆ ಒಂದೇ. ಜೂನ್‌ನಲ್ಲಿ ನೋಡೋದು ಎಲೆ, ಮುಚ್ಚಿದ ಸ್ಟೀಲ್ ಟ್ಯಾಂಕ್. ಫೆಬ್ರವರಿಯಲ್ಲಿ ಗೊಂಚಲು, ಹಣ್ಣು ಜಜ್ಜುವ ಸದ್ದು, ಹುಳಿ ಹುಳಿ ವಾಸನೆ. ನನ್ನ ಗುರುತು ಸುಲಭ: ಹಾಪ್‌ಕಾಮ್ಸ್‌ನವರ ದ್ರಾಕ್ಷಿ, ಕಲ್ಲಂಗಡಿ ಮೇಳ ಶುರುವಾಯಿತು ಅಂದರೆ ನಾನು ಫೋನ್ ಮಾಡಿ ಬುಕ್ ಮಾಡುತ್ತೇನೆ. ವಾರದ ದಿನ ಆದರೆ ಇನ್ನೂ ಒಳ್ಳೆಯದು. ಭಾನುವಾರದ ನಂದಿ ರಸ್ತೆ ಗೊತ್ತಲ್ಲ.

[ದೃಶ್ಯ: ಗಡಿಯಾರ]

ಟೈಮ್ ಆಗಿಬಿಟ್ಟಿತು, ಉಳಿದದ್ದು ಒಟ್ಟಿಗೆ. ಬುಕ್ ಮಾಡುವಾಗ ಮೂರು ಕೇಳಿ: ಎಷ್ಟು ಬಗೆ ವೈನ್, ಊಟ ಸೇರಿದೆಯಾ, ತೆರಿಗೆ ಸೇರಿದೆಯಾ. ವಯಸ್ಸಿನ ದಾಖಲೆ ಜೇಬಲ್ಲಿರಲಿ. ಬೆಳಗ್ಗೆ ಹೊಟ್ಟೆಗೆ ಹಾಕಿಕೊಂಡು ಹೋಗಿ, ಇಲ್ಲದಿದ್ದರೆ ಅಲ್ಲಿಯ ಚೀಸ್ ತಟ್ಟೆಯೇ ಎರಡನೇ ಟಿಕೆಟ್ ಆಗುತ್ತದೆ. ಭೋಗನಂದೀಶ್ವರ ದೇವಸ್ಥಾನ ಮೊದಲು, ವೈನ್ ಆಮೇಲೆ. ಕಾರಣ ಹೇಳಬೇಕಾಗಿಲ್ಲ ಅಲ್ವಾ? ನಂದಿ ಬಿಟ್ಟು ನಾಸಿಕ್‌ನ ವೈನ್ ತೋಟಗಳಿಗೆ ಹೋಗುವವರು ರೈಲು ಅಥವಾ ವಿಮಾನ, ಒಂದು ರಾತ್ರಿಯ ರೂಮು ಸೇರಿಸಿಕೊಳ್ಳಿ. ಆಗ ಟಿಕೆಟ್ ರೇಟು ಲೆಕ್ಕಕ್ಕೇ ಬರೋದಿಲ್ಲ. ಇನ್ನು ಬಾಟಲಿ. ಐದನೇ ಲೋಟ ಆದಮೇಲೆ ಎಲ್ಲ ವೈನೂ ಚೆನ್ನಾಗಿರುತ್ತದೆ, ಅಂಗಡಿ ಇರೋದು ಬಾಗಿಲ ಪಕ್ಕದಲ್ಲೇ. ಎಷ್ಟು ಬಾಟಲಿ ಅಂತ ಮನೆಯಲ್ಲೇ ತೀರ್ಮಾನ ಮಾಡಿ ಹೊರಡಿ. ನಾನು ಒಮ್ಮೆ ಒಂದು ಅಂದುಕೊಂಡು ನಾಲ್ಕು ತಂದೆ. ಮೂರನೆಯದು ಈಗಲೂ ಉಪ್ಪಿನಕಾಯಿ ಜಾಡಿ ಹಿಂದೆ ಇದೆ.

ತಂಗಿ ಮೂರು ಗೆಳತಿಯರನ್ನು ಒಪ್ಪಿಸಿ ಫೆಬ್ರವರಿಯ ಒಂದು ಬುಧವಾರಕ್ಕೆ ಬುಕ್ ಮಾಡಿದ್ದಾಳೆ. ತಲೆಗೆ 2,675 ಅಂತ ಹೆಮ್ಮೆಯಿಂದ ಹೇಳಿದಳು. "ಡ್ರೈವರ್ ಊಟ ಸೇರಿಸಿದ್ದೀಯಾ?" ಅಂದೆ. ಸೇರಿಸಿಲ್ಲವಂತೆ. ನೀವು ಸೇರಿಸಿಕೊಳ್ಳಿ.