ಅಪ್ಪ-ಅಮ್ಮನಿಗೆ ಗ್ರೀನ್ ಕಾರ್ಡ್: ಅರ್ಜಿ ಹಾಕೋ ಮೊದಲು

ಅಮೆರಿಕದ ಪೌರತ್ವ ಸಿಕ್ಕ ಕೂಡಲೇ ತುಂಬಾ ಜನ ಅಪ್ಪ-ಅಮ್ಮನ ಹೆಸರಲ್ಲಿ ಐ-130 ಅರ್ಜಿ (ಗ್ರೀನ್ ಕಾರ್ಡ್‌ಗಾಗಿ ಸಂಬಂಧಿಕರ ಪರವಾಗಿ ಹಾಕೋ ಮೊದಲ ಅರ್ಜಿ) ಹಾಕಿಬಿಡ್ತಾರೆ. ನೀವು ಪೌರರಾಗಿದ್ದು, ನಿಮ್ಮ ವಯಸ್ಸು 21 ತುಂಬಿದ್ದರೆ ಸಾಕು, ಒಡಹುಟ್ಟಿದವರ ಅರ್ಜಿಯ ಹಾಗೆ ಇದಕ್ಕೆ ವರ್ಷಗಟ್ಟಲೆ ಸರದಿ ಕಾಯೋದಿಲ್ಲ. ಆದರೆ ಸಿಗುತ್ತೆ ಅಂತ ಹಾಕಬೇಡಿ. ಅವರು ವರ್ಷದ ಬಹುಪಾಲು ಇಲ್ಲೇ ಬದುಕೋಕೆ ತಯಾರಿದ್ದಾರಾ? ಇಲ್ಲ ಅಂದ್ರೆ ವಿಸಿಟರ್ ವೀಸಾನೇ ಒಳ್ಳೇದು ಅನ್ನೋದು ನನ್ನ ಖಚಿತ ಅಭಿಪ್ರಾಯ.

"ಕಾರ್ಡ್ ಉಳಿಸಿಕೊಳ್ಳೋಕೆ ಆರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋದ್ರೆ ಸಾಕು" ಅನ್ನೋ ಮಾತನ್ನ ನಂಬಬೇಡಿ. ವಿಮಾನ ನಿಲ್ದಾಣದ ಇಮಿಗ್ರೇಷನ್ ಅಧಿಕಾರಿ ನೋಡೋದು ವಾಸ ನಿಜವಾಗಿ ಎಲ್ಲಿದೆ, ತೆರಿಗೆ ರಿಟರ್ನ್ ಎಲ್ಲಿ ಸಲ್ಲಿಸಿದ್ದಾರೆ ಅನ್ನೋದನ್ನ. ಅಮೆರಿಕದ ಹೊರಗೆ 180 ದಿನ ದಾಟಿದರೆ ಪ್ರಶ್ನೆಗಳು ಬಿಗಿಯಾಗುತ್ತವೆ. ವರ್ಷ ದಾಟಿದರೆ ಬರೀ ಕಾರ್ಡ್ ಹಿಡಿದು ಬರೋಕಾಗಲ್ಲ. ಇಪ್ಪತ್ತು ಗಂಟೆ ಪ್ರಯಾಣ ಮಾಡಿ ಸುಸ್ತಾದ ಎಪ್ಪತ್ತರ ತಾಯಿಯ ಮುಂದೆ ಐ-407 ಫಾರಂ ಇಟ್ಟು ಸಹಿ ಕೇಳಿದರೆ, ಹೆದರಿ ಹಾಕಿಬಿಡ್ತಾರೆ. ಅದು ಕಾರ್ಡನ್ನ ಸ್ವಇಚ್ಛೆಯಿಂದ ಬಿಟ್ಟುಕೊಡೋ ಫಾರಂ. ಸಹಿ ಹಾಕಲೇಬೇಕು ಅಂತಿಲ್ಲ, ಇಮಿಗ್ರೇಷನ್ ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕು ಅಂತ ಕೇಳಬಹುದು. ಇದನ್ನ ಅವರಿಗೆ ಮೊದಲೇ ಬಾಯಿಪಾಠ ಮಾಡಿಸಿ. ದೀರ್ಘಕಾಲ ಊರಿಗೆ ಹೋಗೋದಿದ್ದರೆ ರೀಎಂಟ್ರಿ ಪರ್ಮಿಟ್ (ಮರಳಿ ಬರೋಕೆ ಮೊದಲೇ ಪಡೆಯೋ ಅನುಮತಿ ಪತ್ರ) ಇದೆ, ಎರಡು ವರ್ಷದವರೆಗೆ ಸಿಗುತ್ತೆ. ಅರ್ಜಿ ಹಾಕೋವಾಗ ಅವರು ಅಮೆರಿಕದ ಒಳಗೇ ಇರಬೇಕು.

ಇನ್ನು ಆರೋಗ್ಯದ ಖರ್ಚು. 65 ದಾಟಿದ್ದರೂ, ಇಲ್ಲಿ ದುಡಿಯದವರು ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಕೊಳ್ಳೋಕೆ ಐದು ವರ್ಷ ಸತತವಾಗಿ ವಾಸ ಇರಬೇಕು. ಆಮೇಲೂ ಅದು ಪುಕ್ಕಟೆ ಅಲ್ಲ: 2025ರ ದರದಲ್ಲಿ ಪಾರ್ಟ್ ಎ (ಆಸ್ಪತ್ರೆ ಖರ್ಚಿಗೆ) 518, ಪಾರ್ಟ್ ಬಿ (ಡಾಕ್ಟರ್ ಖರ್ಚಿಗೆ) 185 ಡಾಲರ್ ಇತ್ತು, ಒಬ್ಬರಿಗೆ, ತಿಂಗಳಿಗೆ. ಆ ಐದು ವರ್ಷ ಮಾರ್ಕೆಟ್‌ಪ್ಲೇಸ್ ಇನ್ಶೂರೆನ್ಸೇ (ಸರ್ಕಾರದ ವಿಮಾ ತಾಣದಲ್ಲಿ ಕೊಳ್ಳೋ ಖಾಸಗಿ ವಿಮೆ) ಗತಿ. ಶುಗರ್, ಬಿಪಿ ಇದ್ದರೂ ಅದು ನಿರಾಕರಿಸೋ ಹಾಗಿಲ್ಲ, ಆದರೆ ಕಂತಿನ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಹೆತ್ತವರ ಖರ್ಚು ನಾನು ನೋಡಿಕೊಳ್ತೀನಿ ಅಂತ ನೀವು ಬರೆದುಕೊಡೋ ಐ-864 ಬರೀ ಔಪಚಾರಿಕ ಕಾಗದ ಅಲ್ಲ, ಕಾನೂನಿನ ಕರಾರು. ಗಂಡ-ಹೆಂಡತಿ, ಎರಡು ಮಕ್ಕಳು, ಜೊತೆಗೆ ಅಪ್ಪ-ಅಮ್ಮ ಅಂದರೆ ಆರು ಜನ. 2025ರ ಬಡತನ ರೇಖೆಯ 125 ಪ್ರತಿಶತ ಅಂದರೆ ಸುಮಾರು 54 ಸಾವಿರ ಡಾಲರ್ ವಾರ್ಷಿಕ ಆದಾಯ ತೋರಿಸಬೇಕಿತ್ತು. ಹೆತ್ತವರು ಪೌರರಾಗುವವರೆಗೆ, ಇಲ್ಲಾ ಕಾರ್ಡ್ ಬಿಟ್ಟು ದೇಶ ತೊರೆಯುವವರೆಗೆ, ಸಾಮಾನ್ಯವಾಗಿ ಈ ಹೊಣೆ ನಿಮ್ಮದೇ. ಅವರ ಪಿಂಚಣಿ, ಎಫ್‌ಡಿ ಬಡ್ಡಿ, ಬಾಡಿಗೆ ಎಲ್ಲವನ್ನೂ ಅಮೆರಿಕದ ರಿಟರ್ನ್‌ನಲ್ಲೂ ತೋರಿಸಬೇಕು. ಭಾರತದ ಖಾತೆಗಳಲ್ಲಿ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ (ವಿದೇಶಿ ಖಾತೆಗಳ ವರದಿ) ಕೂಡ ಸಲ್ಲಿಸಬೇಕು.

ದಾಖಲೆಯಲ್ಲಿ ಎಡವೋದು ಹೆಸರಿನ ಹತ್ತಿರ. ನಿಮ್ಮ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು "ಲಕ್ಷ್ಮಮ್ಮ", ಪಾಸ್‌ಪೋರ್ಟ್‌ನಲ್ಲಿ "ಲಕ್ಷ್ಮೀದೇವಿ" ಅಂತಿದ್ದರೆ ಅಫಿಡವಿಟ್ ಮೊದಲೇ ಮಾಡಿಸಿ. ಅವರ ಜನನವೇ ನೋಂದಣಿ ಆಗಿಲ್ಲದಿದ್ದರೆ ಅಲಭ್ಯತಾ ಪ್ರಮಾಣಪತ್ರ ತಗೊಂಡು, ಹಿರಿಯ ಸಂಬಂಧಿಕರ ಅಫಿಡವಿಟ್ ಜೋಡಿಸಿ. ತಂದೆಯ ಅರ್ಜಿಗೆ ಅವರ ಮದುವೆಯ ದಾಖಲೆಯೂ ಬೇಕು. ಇಬ್ಬರಿಗೂ ಬೇರೆ ಬೇರೆ ಐ-130.

ಇಷ್ಟಾದ ಮೇಲೂ ಮನಸ್ಸಿದ್ದರೆ, ಮೊದಲು ವಿಸಿಟರ್ ವೀಸಾದಲ್ಲೇ ಒಂದು ಚಳಿಗಾಲ ಕರೆಸಿ, ಬೇಸಿಗೆಯಲ್ಲಲ್ಲ. ನೀವು ಕೆಲಸಕ್ಕೆ ಹೋದ ಮೇಲೆ, ಕಾರು ಓಡಿಸಲು ಬಾರದೆ ಅವರ ದಿನ ಹೇಗೆ ಕಳೆಯುತ್ತೆ ಅಂತ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಅರ್ಜಿ ಹಾಕಿದ ಮೇಲೆ ಈ ಪ್ರಯೋಗ ಕಷ್ಟ. ವಲಸೆಯ ಉದ್ದೇಶ ಕಡತದಲ್ಲಿ ಬಂದಿರೋದರಿಂದ ಹೊಸ ವಿಸಿಟರ್ ವೀಸಾ ಸುಲಭವಾಗಿ ಕೊಡಲ್ಲ.