ಮೋಯಾಬ್‌ಗೆ ಹೋದರೆ ಹಳೇ ಮೋಟೆಲ್‌ನಲ್ಲೇ ಇಳಿದುಕೊಳ್ಳಿ

ನಮಸ್ಕಾರ. ಇವತ್ತು ಮೋಟೆಲ್ ಬಗ್ಗೆ, ಅಂದರೆ ರೂಮಿನ ಬಾಗಿಲ ಹತ್ತಿರವೇ ಕಾರು ನಿಲ್ಲಿಸಬಹುದಾದ ಸಾದಾ ಹೋಟೆಲ್ ಬಗ್ಗೆ ಮಾತಾಡೋಣ.

ಅಮೆರಿಕದ ಯೂಟಾ ರಾಜ್ಯದಲ್ಲಿ ಮೋಯಾಬ್ ಅಂತ ಒಂದು ಸಣ್ಣ ಊರಿದೆ. ಸುತ್ತಲೂ ಕೆಂಪು ಬಂಡೆಗಳ ಮರುಭೂಮಿ. ಪಕ್ಕದಲ್ಲೇ ಕೊಲರಾಡೊ ನದಿ. ಕಲ್ಲಿನ ಸಹಜ ಕಮಾನುಗಳಿರುವ ಆರ್ಚಸ್ ನ್ಯಾಷನಲ್ ಪಾರ್ಕಿನ ಗೇಟು ಊರಿನಿಂದ ಬರೀ 8 ಕಿಲೋಮೀಟರ್. ಅಲ್ಲಿಗೆ ಟ್ರೆಕ್ಕಿಂಗ್ ಹೊರಟವರು ನನ್ನನ್ನು ಮೊದಲು ಕೇಳುವುದು, ಎಲ್ಲಿ ಉಳಿದುಕೊಳ್ಳೋಣ ಅಂತ. ಊರೊಳಗೆ ಮೇನ್ ರೋಡಿನ ಹತ್ತಿರ ಇರೋ ಒಂದು ಹಳೇ, ಕಡಿಮೆ ಬಾಡಿಗೆಯ ಮೋಟೆಲ್‌ನಲ್ಲಿ ಅಂತ ಹೇಳುತ್ತೇನೆ. ದುಡ್ಡು ಉಳಿಯುತ್ತೆ ಅನ್ನೋದು ಆಮೇಲಿನ ಮಾತು. ಮೊದಲ ಕಾರಣ, ಬೆಳಗಿನ ಜಾವವೇ ಪಾರ್ಕ್ ಮುಟ್ಟಬಹುದು.

2021ರಲ್ಲಿ ನಾನೂ ನನ್ನ ತಂಗಿಯೂ ಮೊದಲ ಸಲ ಹೋದಾಗ ಇದು ಗೊತ್ತಿರಲಿಲ್ಲ. ಒಳ್ಳೆ ಹೋಟೆಲ್ ಬೇಕು ಅಂತ ಪಕ್ಕದ ಕೊಲರಾಡೊ ರಾಜ್ಯದ ಗ್ರ್ಯಾಂಡ್ ಜಂಕ್ಷನ್ ಊರಿನಲ್ಲಿ ರೂಮ್ ಮಾಡಿದ್ದೆವು. ಮೋಯಾಬ್‌ಗೆ ಅಲ್ಲಿಂದ ಸುಮಾರು 180 ಕಿಲೋಮೀಟರ್. ಏಳು ಗಂಟೆಗೆ ನಿಧಾನಕ್ಕೆ ತಿಂಡಿ ತಿಂದು ಹೊರಟೆವು. ಆ ವರ್ಷ ಆರ್ಚಸ್ ನೋಡಲು ಬಂದವರು 18 ಲಕ್ಷ ಜನ. ಪಾರ್ಕ್ ತುಂಬಿ ಬೆಳಿಗ್ಗೆಯೇ ಗೇಟು ಮುಚ್ಚಿದ ದಿನಗಳು ಎಷ್ಟೋ. ನಮಗೆ ಸಿಕ್ಕಿದ್ದೂ ಅಂಥದ್ದೇ ದಿನ. ಒಳಗೆ ಬಿಡುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿದ್ದ. ಡೆಲಿಕೇಟ್ ಆರ್ಚ್ ಅನ್ನೋ ಕಮಾನಿಗೆ ಹೋಗುವ ಟ್ರೇಲ್, ಅಂದರೆ ಕಾಲುದಾರಿ, ಹೋಗಿ ಬರಲು 4.8 ಕಿಲೋಮೀಟರ್, ಅಷ್ಟೇ. ಆದರೆ ನಡುವೆ ಬರೋದು ಬೋಳು ಬಂಡೆಯ ಏರು. ಒಂದು ಮರದ ನೆರಳಿಲ್ಲ. ಅರ್ಧ ದಾರಿಗೆ ತಂಗಿಗೆ ತಲೆ ಸುತ್ತಿತು. ಹಿಂದಿರುಗಿದೆವು. ಕಮಾನು ನೋಡಲೇ ಇಲ್ಲ.

ಎರಡನೇ ಸಲ ಹೋಗಿದ್ದು ಒಂದು ಜೂನ್ ಕೊನೆಯಲ್ಲಿ. ಮಧ್ಯಾಹ್ನ 38 ಡಿಗ್ರಿ ದಾಟುವ ಕಾಲ. ಈ ಸಲ ಊರೊಳಗೇ ಉಳಿದೆವು. ಎರಡಂತಸ್ತಿನ ಹಳೇ ಮೋಟೆಲ್, ರೂಮಿನ ಬಾಗಿಲು ತೆಗೆದರೆ ಎದುರಿಗೇ ಕಾರು. ಇಂಥ ಊರಿನಲ್ಲಿ ಇಷ್ಟೊಂದು ಮೋಟೆಲ್ ಯಾಕೆ ಅಂದರೆ, ಅದಕ್ಕೂ ಒಂದು ಕಥೆ ಇದೆ. 1952ರಲ್ಲಿ ಚಾರ್ಲಿ ಸ್ಟೀನ್ ಅನ್ನೋ ಭೂವಿಜ್ಞಾನಿಗೆ ಇಲ್ಲಿ ಹತ್ತಿರದಲ್ಲೇ ಯುರೇನಿಯಂ ಸಿಕ್ಕಿತು. ಗಣಿ ಕೆಲಸ ಹುಡುಕಿಕೊಂಡು ಜನ ನುಗ್ಗಿದರು, ಅವರು ಇಳಿದುಕೊಳ್ಳೋಕೆ ಮೋಟೆಲ್‌ಗಳು ಎದ್ದವು. ಗಣಿಯ ಕಾಲ ಹೋಯಿತು, ಈಗ ಅದೇ ಊರಿಗೆ ಬರೋರು ನಮ್ಮಂಥ ನಡೆಯೋರು, ಸೈಕಲ್ ಹೊಡೆಯೋರು.

ಕೌಂಟರಿನಲ್ಲಿ ಅರವತ್ತು ದಾಟಿದ ಒಬ್ಬ ಗುಜರಾತಿ ಅಮ್ಮ ಕೂತಿದ್ದರು. ಅಮೆರಿಕದ ಮೋಟೆಲ್‌ಗಳಲ್ಲಿ ಬಹಳಷ್ಟನ್ನು ನಡೆಸೋದು ಗುಜರಾತಿ ಮೂಲದ ಕುಟುಂಬಗಳೇ. 1989ರಲ್ಲಿ ತಮ್ಮದೇ ಒಂದು ಸಂಘವನ್ನೂ ಕಟ್ಟಿಕೊಂಡರು. ನಮ್ಮ ಮುಖ ನೋಡಿದ್ದೇ ಆ ಅಮ್ಮ ಹಿಂದಿಯಲ್ಲಿ ಮಾತು ಶುರು ಮಾಡಿದರು.

"ನಾಳೆ ಎಲ್ಲಿಗೆ ಬೇಟಾ?"

"ಡೆಲಿಕೇಟ್ ಆರ್ಚ್‌ಗೆ ಆಂಟಿ."

"ಎಷ್ಟು ಹೊತ್ತಿಗೆ ಹೊರಡ್ತೀರಿ?"

"ಆರೂವರೆಗೆ."

"ಬೇಡ. ನಾಲ್ಕೂವರೆಗೆ ಹೊರಡಿ. ಐಸ್ ಮೆಷಿನ್ ಮೆಟ್ಟಿಲ ಕೆಳಗಿದೆ, ರಾತ್ರಿಯಿಡೀ ಓಡುತ್ತೆ. ಬಾಟಲಿ ತುಂಬಿಕೊಂಡು ಹೋಗಿ."

ಕತ್ತಲಲ್ಲಿ ಆ ಮೆಷಿನ್ ಮುಂದೆ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಐಸ್ ತುಂಡುಗಳು ಬಕೆಟ್ಟಿಗೆ ದಡಬಡ ಬಿದ್ದವು. ಎಲ್ಲರೂ ಏಳುತ್ತಾರೇನೋ ಅಂತ ಹೆದರಿದೆ. ನೋಡಿದರೆ ಪಕ್ಕದ ರೂಮಿನವರು ಆಗಲೇ ಎದ್ದು, ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಬಿಗಿಯುತ್ತಿದ್ದರು. ಒಬ್ಬೊಬ್ಬರಿಗೆ ನಾಲ್ಕು ಲೀಟರ್ ನೀರು ತುಂಬಿಸಿದೆವು. ಪಾರ್ಕಿನವರು ಒಂದು ದಿನಕ್ಕೆ ಕನಿಷ್ಠ ಅಷ್ಟು ಬೇಕು ಅಂತಲೇ ಹೇಳೋದು. ಜೊತೆಗೆ ಉಪ್ಪಿನ ಬಿಸ್ಕೆಟ್ಟು. ಬೆವರಿನಲ್ಲಿ ಉಪ್ಪೂ ಹೋಗುತ್ತಲ್ಲ, ಬರೀ ನೀರು ಕುಡಿದರೆ ಸಾಲದು.

ಗೇಟು ದಾಟಿ ಇಪ್ಪತ್ತೊಂದು ಕಿಲೋಮೀಟರ್ ಹೋದರೆ ಟ್ರೇಲ್ ಶುರುವಾಗುವ ಜಾಗ. ಐದು ಗಂಟೆ ದಾಟಿತ್ತು, ಬಂಡೆ ಇನ್ನೂ ತಣ್ಣಗಿತ್ತು. ಅಂಗೈ ಇಟ್ಟು ನೋಡಿದೆ. ಹೋದ ಸಲ ಇದೇ ಬಂಡೆಯ ಮೇಲೆ ಕೂರಲೂ ಆಗಿರಲಿಲ್ಲ. ಕೊನೆಗೆ ಬಂಡೆಯ ಅಂಚಿನಲ್ಲಿ ಸುಮಾರು 180 ಮೀಟರ್ ದಾರಿ, ಅದು ತಿರುಗಿದ್ದೇ ಎದುರಿಗೆ ಕಮಾನು. ಆರು ಗಂಟೆಯ ಹೊತ್ತಿಗೆ ಬಿಸಿಲು ಏರಿ ಬಂತು. ಅಲ್ಲಿದ್ದವರು ಎಂಟು ಜನ. ಯಾರೂ ಮಾತಾಡಲಿಲ್ಲ. ತಂಗಿ ನನ್ನ ಕೈ ಹಿಡಿದುಕೊಂಡಳು.

ಎಂಟು ಗಂಟೆಗೆ ವಾಪಸ್ ರೂಮಿನಲ್ಲಿದ್ದೆವು. ಮಧ್ಯಾಹ್ನವೆಲ್ಲ ಪರದೆ ಎಳೆದು ಮಲಗಿದೆವು. ಸಂಜೆ ಬಿಸಿಲು ಇಳಿದ ಮೇಲೆ ಮತ್ತೆ ಹೊರಟೆವು. ದೂರದಲ್ಲಿ ಉಳಿದಿದ್ದರೆ ಹೀಗೆ ಮಧ್ಯೆ ಬಂದು ಮಲಗೋಕೆ ಆಗ್ತಿತ್ತಾ? ಪಾರ್ಕಿನೊಳಗೆ ಹೋಟೆಲ್ಲೂ ಇಲ್ಲ, ಊಟವೂ ಸಿಗಲ್ಲ.

ಹಾಗಂತ ಅಗ್ಗ ಅಂದರೆ ಏನಿದ್ದರೂ ಸರಿ ಅಂತ ನಾನು ಹೇಳ್ತಿಲ್ಲ. ಏಸಿ ಸರಿಯಾಗಿ ಓಡಲೇಬೇಕು, ಬೇಸಿಗೆಯಲ್ಲಿ ಅದು ಆರೋಗ್ಯದ ಪ್ರಶ್ನೆ. ಹಾಸಿಗೆ ಚೊಕ್ಕಟವಾಗಿರಬೇಕು. ರೂಮಿನಲ್ಲಿ ಒಂದು ಸಣ್ಣ ಫ್ರಿಜ್ ಇರಬೇಕು. ಬುಕ್ ಮಾಡುವಾಗ ಹಿಂದಿನ ಸಾಲಿನ ರೂಮ್ ಕೇಳಿ. ಮೋಯಾಬ್‌ನ ಮೇನ್ ರೋಡೇ ಹೆದ್ದಾರಿ, ರಾತ್ರಿಯೆಲ್ಲ ಲಾರಿಗಳು ಓಡುತ್ತವೆ. ಮೂರೂವರೆಗೆ ಏಳಬೇಕಾದವರಿಗೆ ಆ ಸದ್ದು ನಿಜಕ್ಕೂ ಕಷ್ಟ. ವಸಂತದಲ್ಲೂ ಶರತ್ಕಾಲದಲ್ಲೂ ಇದೇ ರೂಮಿಗೆ ಬಾಡಿಗೆ ಜಾಸ್ತಿ, ತೆರಿಗೆ ಬೇರೆ ಸೇರುತ್ತೆ, ಅದನ್ನೂ ನೋಡಿಕೊಳ್ಳಿ.

ಆದರೆ ರಿವ್ಯೂಗಳನ್ನು ಓದಿದಾಗ ನನಗೆ ಬೇಜಾರಾಗುತ್ತೆ. ಟವೆಲ್ ತೆಳ್ಳಗಿದೆ, ಸೋಪು ಚಿಕ್ಕದು, ಗೋಡೆಯ ಮೇಲೆ ಚಿತ್ರ ಇಲ್ಲ, ಅದಕ್ಕೆ ಎರಡೇ ಸ್ಟಾರ್. ಆ ಎರಡು ಸ್ಟಾರ್ ಒಂದು ಕುಟುಂಬದ ಅನ್ನದ ಮೇಲೆ ಬೀಳುತ್ತೆ. ಬಾಗಿಲಿಗೆ ಬೀಗ ಸರಿಯಿಲ್ಲ, ಹಾಸಿಗೆಯಲ್ಲಿ ತಿಗಣೆ ಇದೆ ಅಂದರೆ ಖಂಡಿತ ಬರೆಯಿರಿ, ಬರೆಯಲೇಬೇಕು. ಗೋಡೆಯ ಚಿತ್ರಕ್ಕೆ ಯಾಕೆ? ಚಿತ್ರ ನೋಡೋಕೆ ತಾನೇ ಹೊರಗೆ ಹೋಗ್ತಿರೋದು.

ಇನ್ನೊಂದು ಮಾತು. ಅಲ್ಲಿನ ಕೆಂಪು ಮರಳು ಪುಡಿ ಹಿಟ್ಟಿನ ಹಾಗಿರುತ್ತೆ. ಕಾಲುಚೀಲದೊಳಗೆ, ಕಿವಿಯ ಹಿಂದೆ, ಎಲ್ಲ ಕಡೆ. ಆ ಅಮ್ಮ ನಮ್ಮ ಬಾಗಿಲ ಬಳಿ ಹಳೇ ಬಟ್ಟೆಯ ಒಂದು ಕಟ್ಟು ಇಟ್ಟಿದ್ದರು, ಶೂ ಒರೆಸೋಕೆ. ಬಿಳಿ ಟವೆಲ್‌ನಲ್ಲಿ ಒರೆಸಿದರೆ ಆ ಕಲೆ ಹೋಗಲ್ಲವಂತೆ. ನೀವೂ ಒಂದೆರಡು ಹಳೇ ಬಟ್ಟೆ ತಗೊಂಡು ಹೋಗಿ. ಶೂಗಳನ್ನು ಹೊರಗೇ ಕೊಡವಿ. ಹೊರಡುವ ದಿನ ಸ್ನಾನದ ತೊಟ್ಟಿಯಲ್ಲಿ ಉಳಿದ ಮರಳಿಗೆ ಒಂದು ಚೊಂಬು ನೀರು ಹಾಕಿ, ರೂಮ್ ಕ್ಲೀನ್ ಮಾಡುವವರಿಗೆ ಅಂತ ಟೇಬಲ್ ಮೇಲೆ ಐದು ಡಾಲರ್ ಇಟ್ಟು ಬನ್ನಿ.